ಹಳೆಯ ಅರಿವೆಯ ಚೀಲ

ಮನೆಬಳಕೆಯ ಯಾವುದಾದರೊಂದು ವಸ್ತುವಿನ ಚರಿತ್ರೆಯನ್ನು ಕುರಿತು ಮಾತನಾಡಬೇಕೆಂದು ಆಕಾಶವಾಣಿಯವರು ಕೇಳಿದಾಗ ನಾನು ಚೀಲವನ್ನು ಆರಿಸಿಕೊಂಡೆ. ಮಿತ್ರರೊಬ್ಬರು ನಕ್ಕರು. "ಚೀಲದೊಳಗಿನ ಹಣಕ್ಕೆ ಚರಿತ್ರೆಯುಂಟು, ಚೀಲಕ್ಕೆ ಎಲ್ಲಿಯ ಚರಿತ್ರೆ?" ಎಂದರು. ಅವರ ಮಾತನ್ನು ತೆಗೆದುಹಾಕುವಂತಿಲ್ಲ. ನಾಣ್ಯಗಳನ್ನು ಕುರಿತು ಸಂಪುಟಗಳೇ ಬಂದಿವೆ. ಆ ನಾಣ್ಯಗಳನ್ನು ತುಂಬಿ ಸೊಂಟಕ್ಕೆ ಬಿಗಿದುಕೊಳ್ಳುತ್ತಿದ್ದ ಹಮ್ಮಿಣಿಯ ವಿಷಯವಾಗಿ ಒಂದು ಪುಟವನ್ನು ಓದಿದ ನೆನಪು ನನಗಿಲ್ಲ.

ಅಂಗಡಿಯಿಂದ ಕೊಂಡು ತಂದ ಚೀಲದ ಮಾತಲ್ಲ ನಾನು ಹೇಳಹೊರಟಿರುವುದು. ಹರಿದ ಸೀರೆ, ಸವೆದ ಧೋತರ, ಮೊಳಕೈ ಕಿತ್ತ ಕೋಟು — ಇವನ್ನು ಮನೆಯ ಹೆಣ್ಣುಮಕ್ಕಳು ಬಿಚ್ಚಿ, ಕತ್ತರಿಸಿ, ಒಂದರ ಮೇಲೊಂದು ಪದರವಿಟ್ಟು ಕೈಯಿಂದ ಹೊಲಿದು ಮಾಡುತ್ತಿದ್ದ ಚೀಲ. ಎಲೆಯಡಿಕೆಯ ಸಂಚಿ, ಸಂತೆಯ ಕೈಚೀಲ, ಬೀಜದ ಕಾಳಿನ ಚೀಲ, ಸಾಲೆಗೆ ಹೋಗುವ ಹುಡುಗರ ಪಾಟಿಚೀಲ. ಐವತ್ತು ಅರುವತ್ತು ವರುಷಗಳ ಹಿಂದೆ ಇವು ಇಲ್ಲದ ಮನೆಯೇ ಇರಲಿಲ್ಲವೆನ್ನಬಹುದು. ಅವುಗಳಲ್ಲಿ ಒಂದನ್ನಾದರೂ ಹುಡುಕಿ ಕಣ್ಣಮುಂದಿಟ್ಟುಕೊಂಡು ಈ ಭಾಷಣವನ್ನು ಬರೆಯಬೇಕೆಂದು ನನ್ನ ಆಸೆಯಾಗಿತ್ತು. ಸಿಕ್ಕಲಿಲ್ಲ. ಏಕೆ ಸಿಕ್ಕಲಿಲ್ಲವೆಂಬುದೇ ಈ ಚರಿತ್ರೆಯ ಮೊದಲನೆಯ ಅಧ್ಯಾಯ.

ಕಲ್ಲು, ಮಣ್ಣು, ಲೋಹಗಳು ಉಳಿಯುವಂತೆ ಅರಿವೆ ಉಳಿಯುವುದಿಲ್ಲ. ನಮ್ಮ ಮಳೆ, ನಮ್ಮ ಗೆದ್ದಲು, ನಮ್ಮ ಇಲಿ ಅದನ್ನು ಉಳಿಯಗೊಡಿಸುವುದಿಲ್ಲ. 1920ರ ದಶಕದಲ್ಲಿ ಮೊಹೆಂಜೊದಾರೊದ ಅಗೆತ ನಡೆದಾಗ ಹತ್ತಿಯ ಅರಿವೆಯ ಒಂದು ಚೂರು ದೊರೆಯಿತು. ನಾಲ್ಕು ಸಾವಿರ ವರುಷಗಳಿಗೂ ಹಿಂದಿನ ಆ ಚೂರು ಉಳಿದದ್ದು ತನ್ನ ಬಲದಿಂದಲ್ಲ. ಒಂದು ಬೆಳ್ಳಿಯ ಪಾತ್ರೆಗೆ ಅದು ಅಂಟಿಕೊಂಡಿತ್ತು. ಬೆಳ್ಳಿಯ ಕಿಲುಬು ನೂಲಿನ ಎಳೆಗಳಿಗೆ ಇಳಿದು ಅವನ್ನು ಕಾಪಾಡಿತ್ತು. ಮಧ್ಯಯುಗದ ಗುಜರಾತಿನ ಅಚ್ಚಿನ ಬಟ್ಟೆಗಳ ತುಂಡುಗಳು ಈಜಿಪ್ಟಿನ ಹಳೆಯ ಕೈರೋದ ಫುಸ್ತಾತ್‌ನಲ್ಲಿ ದೊರೆತಿವೆ. ಅಲ್ಲಿನ ಜನ ತೊಟ್ಟು ಹರಿದು ಎಸೆದದ್ದನ್ನು ಒಣಭೂಮಿ ಹಾಗೆಯೇ ಇರಿಸಿಕೊಂಡಿತು. ನಮ್ಮ ಬಟ್ಟೆಯ ಚರಿತ್ರೆಯನ್ನು ಓದಲು ಪರದೇಶದ ಕಸದ ಗುಂಡಿಗೆ ಹೋಗಬೇಕಾದ ಸ್ಥಿತಿ ನಮ್ಮದು.

ನಮ್ಮ ನಾಡಿನಲ್ಲಿ ಉಳಿದ ಅರಿವೆ ಇಲ್ಲವೇ ಇಲ್ಲವೆಂದಲ್ಲ. ಕಡತಗಳನ್ನು ನೆನೆಯಿರಿ. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಲೆಕ್ಕಪತ್ರಗಳನ್ನು ಬರೆಯುತ್ತಿದ್ದರು. ಶೃಂಗೇರಿಯ ಮಠದಲ್ಲಿ ಅಂತಹ ಕಡತಗಳು ಇಂದಿಗೂ ಇವೆ. ಕಚೇರಿಗಳಲ್ಲಿ ಈಗ ಕಾಗದದ ಕಟ್ಟನ್ನು ಕಡತವೆಂದು ಕರೆಯುವವರಿಗೆ ತಾವು ಬಟ್ಟೆಯ ಹೆಸರನ್ನು ಹೇಳುತ್ತಿದ್ದೇವೆಂಬ ಅರಿವಿಲ್ಲ. ಬೆಳ್ಳಿಗೆ ಅಂಟಿದ ಅರಿವೆ ಉಳಿಯಿತು, ಅಕ್ಷರವನ್ನು ಹೊತ್ತ ಅರಿವೆ ಉಳಿಯಿತು. ಅಕ್ಕಿ, ಅಡಿಕೆ, ಪಾಟಿಗಳನ್ನು ಹೊತ್ತ ಅರಿವೆ ಉಳಿಯಲಿಲ್ಲ.

ಹವೆಯನ್ನೂ ಗೆದ್ದಲನ್ನೂ ದೂರಿ ಮುಗಿಸುವಂತಿಲ್ಲ. ಇನ್ನೊಂದು ಕಾರಣವುಂಟು. ಅದನ್ನು ಬೌದ್ಧರ ವಿನಯಪಿಟಕದ ಒಂದು ಕತೆ ಬಹಳ ಚೆನ್ನಾಗಿ ತಿಳಿಸುತ್ತದೆ. ಬುದ್ಧನು ಪರಿನಿರ್ವಾಣ ಹೊಂದಿದ ಬಳಿಕ ಆನಂದನು ಕೌಶಾಂಬಿಗೆ ಹೋದನು. ಅಲ್ಲಿನ ಅರಸನಾದ ಉದಯನನ ರಾಣಿವಾಸದವರು ಆತನಿಗೆ 500 ಮೇಲುವಸ್ತ್ರಗಳನ್ನು ಕೊಟ್ಟರು. ಸನ್ಯಾಸಿಗೆ ಇಷ್ಟು ವಸ್ತ್ರಗಳೇಕೆ, ಅಂಗಡಿ ಇಡುವನೇ ಎಂದು ಅರಸನಿಗೆ ಅಸಮಾಧಾನವಾಯಿತು. ಆತ ಹೋಗಿ ಕೇಳಿದ. ಚೀವರ ಹರಿದ ಭಿಕ್ಷುಗಳಿಗೆ ಹಂಚುತ್ತೇನೆಂದ ಆನಂದ. ಹರಿದ ಹಳೆಯವನ್ನು? ಹಾಸಿಗೆಯ ಮೇಲುಹೊದಿಕೆ ಮಾಡುತ್ತೇವೆ. ಹಳೆಯ ಹೊದಿಕೆಗಳನ್ನು? ಹಾಸಿಗೆಯ ಗವಸು. ಹಳೆಯ ಗವಸುಗಳನ್ನು? ನೆಲಹಾಸು. ಅದು ಸವೆದರೆ ಕಾಲೊರಸು. ಕಾಲೊರಸು ಹಳತಾದರೆ ಧೂಳು ಒರಸುವ ಚಿಂದಿ. ಆ ಚಿಂದಿಯೂ ಹರಿದರೆ ಚೂರುಮಾಡಿ ಮಣ್ಣಿನಲ್ಲಿ ಕಲಸಿ ನೆಲಕ್ಕೆ ಮೆತ್ತುತ್ತೇವೆ. ಅರಸನಿಗೆ ಸಂತೋಷವಾಗಿ ಇನ್ನೂ 500 ವಸ್ತ್ರಗಳನ್ನು ಕೊಟ್ಟನಂತೆ.

ಕತೆಯ ಕೊನೆಯನ್ನು ಗಮನಿಸಬೇಕು. ಆನಂದನ ಅರಿವೆ ಕಡೆಗೆ ನೆಲವಾಯಿತು. ಯಾವ ಸಂಶೋಧಕನು ಅದನ್ನು ಅಗೆದು ತೆಗೆಯಬಲ್ಲ? ಬಳಕೆ ಪೂರ್ತಿಯಾದ ವಸ್ತು ಕುರುಹನ್ನು ಉಳಿಸುವುದಿಲ್ಲ. ರಾಜರ ಪಟ್ಟೆ ಪೀತಾಂಬರಗಳು ವಸ್ತುಸಂಗ್ರಹಾಲಯಗಳಲ್ಲಿ ಇರುವುದು ಅವುಗಳ ಬಳಕೆ ಮುಗಿಯದೆ ಇದ್ದುದರಿಂದ. ನಮ್ಮ ಅಜ್ಜಿಯರ ಸಂಚಿ ಅಲ್ಲಿ ಇಲ್ಲದಿರುವುದು ಅದರ ಬಳಕೆ ಕಡೆಯ ಎಳೆಯವರೆಗೂ ನಡೆದದ್ದರಿಂದ.

ನಮ್ಮ ಮನೆಯಲ್ಲಿಯೂ ಇಂತಹದೊಂದು ಇಳಿಯುವ ಮೆಟ್ಟಿಲುಸಾಲು ಇತ್ತು. ಇಳಕಲ್ಲಿನ ಸೀರೆ ಹಬ್ಬದ ಸೀರೆಯಾಗಿ ಬಂದು, ಕೆಲವು ವರುಷಗಳಲ್ಲಿ ದಿನದ ಸೀರೆಯಾಗುತ್ತಿತ್ತು. ಮೈ ಜಾಳಾದ ಮೇಲೆ ಕೂಸಿಗೆ ಜೋಲಿಯಾಗುತ್ತಿತ್ತು. ಆಮೇಲೆ ಅದರ ಗಟ್ಟಿಯಿದ್ದ ಭಾಗಗಳನ್ನು ಆರಿಸಿ ಕೌದಿಗೋ ಚೀಲಕ್ಕೋ ಎತ್ತಿಡುತ್ತಿದ್ದರು. ಕೌದಿ ಹರಿದರೆ ಅದೇ ಇನ್ನೊಂದು ಕೌದಿಯ ಒಳಪದರ. ಚೀಲ ಹರಿದರೆ ಒಲೆಯ ಮೇಲಿನ ಬೋಗುಣಿ ಇಳಿಸುವ ಮಸಿ ಅರಿವೆ. ಕಡೆಗೆ ದೀಪದ ಬತ್ತಿ. ಎಸೆಯುವುದೆಂಬ ಕ್ರಿಯಾಪದಕ್ಕೆ ಈ ಸಾಲಿನಲ್ಲಿ ಎಡೆಯೇ ಇರಲಿಲ್ಲ.

ವಸ್ತು ಅಳಿದರೆ ಚರಿತ್ರೆಯನ್ನು ಎಲ್ಲಿ ಹುಡುಕಬೇಕು? ಮಾತಿನಲ್ಲಿ ಹುಡುಕಬೇಕು. ಕನ್ನಡದಲ್ಲಿ ಚೀಲಕ್ಕೆ ಎಷ್ಟು ಹೆಸರುಗಳಿವೆ! ದನದ ಬೆನ್ನಿನ ಎರಡೂ ಕಡೆಗೆ ಇಳಿಬೀಳುವಂತೆ ಹೇರುವುದು ಹಸುಬೆ. ಸೊಂಟಕ್ಕೆ ಸುತ್ತುವುದು ಹಮ್ಮಿಣಿ. ಭಿಕ್ಷಕ್ಕೆ ಹೆಗಲಿಗೆ ಹಾಕುವುದು ಜೋಳಿಗೆ. ಧಾನ್ಯಕ್ಕೆ ಗೋಣಿ. ಎಲೆಯಡಿಕೆಗೆ ಸಂಚಿ, ಚಂಚಿ, ಹಡಪ. ಒಂದೊಂದು ಹೆಸರಿನ ಹಿಂದೆಯೂ ಒಂದು ಕೆಲಸವಿದೆ, ಒಂದು ನಡೆ ಇದೆ.

ಈ ಕಡೆಯ ಎರಡು ಹೆಸರುಗಳು ನಮ್ಮ ಸಾಹಿತ್ಯಚರಿತ್ರೆಯಲ್ಲಿ ಸ್ಥಿರವಾಗಿ ನಿಂತಿವೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಆಪ್ತರಾಗಿದ್ದ ಅಪ್ಪಣ್ಣನವರನ್ನು ನಾವು ಹಡಪದ ಅಪ್ಪಣ್ಣನೆಂದೇ ಕರೆಯುತ್ತೇವೆ. ಅವರ ಪತ್ನಿ ಲಿಂಗಮ್ಮನೂ ವಚನಕಾರ್ತಿ. ಹಡಪವೆಂದರೆ ವೀಳ್ಯದ ಚೀಲ. ಕ್ಷೌರದ ಸಾಮಗ್ರಿಯ ಚೀಲಕ್ಕೂ ಅದೇ ಹೆಸರು. ಐದು ಶತಮಾನಗಳ ತರುವಾಯ, ಮೈಸೂರಿನಲ್ಲಿ 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಅಂತಃಪುರದಲ್ಲಿ ವೀಳ್ಯದ ಸಂಚಿಯನ್ನು ಹಿಡಿಯುವ ಊಳಿಗದಲ್ಲಿ ಹೊನ್ನಮ್ಮನೆಂಬವಳಿದ್ದಳು. ಅವಳು 'ಹದಿಬದೆಯ ಧರ್ಮ'ವನ್ನು ಸಾಂಗತ್ಯದಲ್ಲಿ ಬರೆದಳು. ಅವಳ ಹೆಸರಿನ ಹಿಂದೆ ಊರಿಲ್ಲ, ಮನೆತನವಿಲ್ಲ, ಸಂಚಿ ಇದೆ. ಒಬ್ಬ ಶರಣ, ಒಬ್ಬ ಕವಯಿತ್ರಿ, ಇಬ್ಬರನ್ನೂ ನಾಡು ಅವರ ಕೈಯ ಚೀಲದಿಂದ ಗುರುತಿಸಿತು. ಸೂಜಿಯ ಕಾಯಕವನ್ನೇ ಹೆಸರಿನಲ್ಲಿ ಹೊತ್ತ ಸೂಜಿಕಾಯಕದ ರಾಮಿತಂದೆಯೂ ಆ ಶರಣರ ಗುಂಪಿನಲ್ಲಿದ್ದ. ಅರಮನೆಯ ಸಂಚಿ ಹಳೆಯ ಸೀರೆಯದಾಗಿತ್ತೆಂದು ನಾನು ಹೇಳುವುದಿಲ್ಲ, ಪಟ್ಟೆಯದೇ ಆಗಿದ್ದೀತು. ಅರಮನೆಯಲ್ಲಿ ಪಟ್ಟೆಯಿಂದ ಆದದ್ದನ್ನು ಗುಡಿಸಲಿನ ಮುದುಕಿ ತನ್ನ ಹರಿದ ಕುಪ್ಪಸದಿಂದ ಮಾಡಿಕೊಂಡಳು, ಹೆಸರನ್ನು ಮಾತ್ರ ಕಡಮೆ ಮಾಡಲಿಲ್ಲ.

ಆ ಮುದುಕಿಯ ಸಂಚಿಯ ಕಟ್ಟಡವನ್ನು ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ಅದನ್ನು ಕಂಡವರು ಕಡಮೆಯಾಗುತ್ತಿದ್ದಾರೆ. ಮೊಳದುದ್ದದ ಒಂದು ಪಟ್ಟಿ. ಮೂರು ನಾಲ್ಕು ಪದರ ಹಳೆಯ ಅರಿವೆಯನ್ನು ಕೂಡಿಸಿ ಒತ್ತೊತ್ತಾಗಿ ಸಾಲುಹೊಲಿಗೆ ಹಾಕಿದ್ದು. ಅದನ್ನು ಮಡಿಸಿ, ಅಂಚುಗಳನ್ನು ಹೊಲಿದು, ಒಂದರೊಳಗೊಂದು ಕಿಸೆಗಳನ್ನು ತೆಗೆಯುತ್ತಿದ್ದರು. ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ಹೊಗೆಸೊಪ್ಪಿಗೊಂದು. ಎಲ್ಲಕ್ಕಿಂತ ಒಳಗೆ, ಮಗನಿಗೂ ಕಾಣದಂತೆ, ನಾಲ್ಕು ಕಾಸಿಗೊಂದು. ತುದಿಗೆ ಉದ್ದನೆಯ ಲಾಡಿ. ಸುರುಳಿ ಸುತ್ತಿ ಲಾಡಿ ಬಿಗಿದರೆ ಹಿಡಿಯೊಳಗೆ ಹಿಡಿಯುವ ಗಂಟು. ಇದಕ್ಕೆ ಹೊಸ ಅರಿವೆ ಒಗ್ಗುವುದಿಲ್ಲ. ಹೊಸದಕ್ಕೆ ಗಂಜಿಯ ಬಿರುಸು ಇರುತ್ತದೆ, ನೀರು ಬಿದ್ದರೆ ಕುಗ್ಗುತ್ತದೆ, ಬಣ್ಣ ಬಿಡುತ್ತದೆ. ನೂರು ಸಲ ಒಗೆದ ಅರಿವೆಗೆ ಕುಗ್ಗುವುದು ಉಳಿದಿಲ್ಲ, ಬಿಡಲು ಬಣ್ಣವಿಲ್ಲ. ಒದ್ದೆ ಎಲೆಯ ತಂಪನ್ನು ಅದು ಹಿಡಿದಿಡುತ್ತದೆ. ಒಂದೊಂದು ಪದರ ಜಾಳಾಗಿದ್ದರೂ ನಾಲ್ಕು ಪದರ ಕೂಡಿದಾಗ ಗಟ್ಟಿ. ಬಡತನ ಕಲಿಸಿದ ಉಪಾಯವೆಂಬುದು ನಿಜ. ಆದರೆ ಬರಿಯ ಬಡತನದ ಉಪಾಯವಲ್ಲ, ಅರಿವೆಯ ಸ್ವಭಾವವನ್ನು ಬಲ್ಲವರ ಉಪಾಯ.

ಅರಿವೆಯನ್ನು ಹೀಗೆ ಹಿಂಡಿ ಬಳಸುವುದಕ್ಕೆ ಅದರ ಬೆಲೆಯೂ ಕಾರಣವಾಗಿತ್ತು. ಕೈಯಿಂದ ನೂತು ಕೈಯಿಂದ ನೆಯ್ದ ಕಾಲದಲ್ಲಿ ಒಂದು ಸೀರೆಯ ಹಿಂದೆ ಎಷ್ಟು ದಿನಗಳ ದುಡಿಮೆ ಇತ್ತೆಂಬುದನ್ನು ನೂಲುವವರೇ ಬಲ್ಲರು. ಮುಂಬಯಿಯ ಮೊದಲ ಹತ್ತಿಗಿರಣಿಯನ್ನು ಕಾವಸ್‌ಜಿ ದಾವರ್ 1854ರಲ್ಲಿ ಹೂಡಿದರು. ಅದಕ್ಕೆ ಮೊದಲೇ ಮಾಂಚೆಸ್ಟರಿನ ಅರಿವೆ ನಮ್ಮ ಸಂತೆಗಳನ್ನು ತುಂಬಿತ್ತು. ಗಿರಣಿಯ ಅರಿವೆ ಅಗ್ಗವಾಯಿತು. 1851ರಲ್ಲಿ ಹಕ್ಕುಪತ್ರ ಪಡೆದ ಸಿಂಗರ್ ಹೊಲಿಗೆಯಂತ್ರ ಕಾಲಕ್ರಮದಲ್ಲಿ ನಮ್ಮ ಪೇಟೆಗಳ ದರ್ಜಿಯ ಅಂಗಡಿಗೂ ಬಂತು. ಸೀರೆ ಧೋತರಗಳನ್ನು ಕತ್ತರಿಸುವ ಪ್ರಮೇಯವಿಲ್ಲ. ಅಂಗಿ, ಕೋಟು, ಚೊಣ್ಣಗಳನ್ನು ಕತ್ತರಿಸದೆ ಹೊಲಿಯಲಾಗದು. ದರ್ಜಿಯ ಕಾಲ ಕೆಳಗೆ ಚೂರುಗಳ ರಾಶಿ ಬೀಳತೊಡಗಿತು. ಬಣ್ಣಬಣ್ಣದ ಚೂರುಗಳನ್ನು ಬೇಡಿ ತಂದು ಜೋಡಿಸಿ ಹೊಲಿದ ಮುಕ್ಕೋನದ, ಚೌಕದ ಚೀಲಗಳು ನಮ್ಮ ಮನೆಗಳಿಗೆ ಬಂದ ಬಗೆ ಇದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಟ್ಟೆ ಮತ್ತೆ ದುರ್ಲಭವಾಯಿತು. 1943ರಲ್ಲಿ ಸರಕಾರ ಬಟ್ಟೆ ಮತ್ತು ನೂಲಿನ ಮೇಲೆ ನಿಯಂತ್ರಣದ ಆಜ್ಞೆಯನ್ನು ತಂದಿತು. ಪಡಿತರದ ಸಾಲಿನಲ್ಲಿ ನಿಂತವರ ಕೈಯಲ್ಲಿ ತೇಪೆಯ ಮೇಲೆ ತೇಪೆ ಹಾಕಿದ ಚೀಲ ಇರುತ್ತಿತ್ತೆಂದು ನಮ್ಮ ಹಿರಿಯರು ಹೇಳುತ್ತಿದ್ದರು.

ಊರಿನಿಂದ ಹೊರಗೆ ಇದ್ದವರು ಈ ಕಲೆಯನ್ನು ನಮಗಿಂತ ಚೆನ್ನಾಗಿ ಕಾಪಾಡಿದರು. ಎತ್ತುಗಳ ಮೇಲೆ ಧಾನ್ಯ ಮತ್ತು ಉಪ್ಪನ್ನು ಹೇರಿ ದೇಶವನ್ನೆಲ್ಲ ಸುತ್ತುತ್ತಿದ್ದ ಲಂಬಾಣಿಗರಿಗೆ ಚೀಲವೇ ಮನೆ. ರೈಲು ಬಂದು ಅವರ ವ್ಯಾಪಾರವನ್ನು ಕಸಿಯಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯಿಂದ ಆರಂಭಿಸಿ ಅಲೆಮಾರಿ ಜನಗಳ ಮೇಲೆ ಕಳ್ಳರೆಂಬ ಹಣೆಪಟ್ಟಿ ಬಿತ್ತು. ಎತ್ತು ಹೋಯಿತು, ಹೇರು ಹೋಯಿತು. ಕನ್ನಡಿ ಕವಡೆಗಳನ್ನು ಕೂರಿಸಿ ಹೊಲಿಯುವ ಕೈ ಹೋಗಲಿಲ್ಲ. ಸಂಡೂರಿನ ಲಂಬಾಣಿ ಕಸೂತಿಯ ಚೀಲಗಳನ್ನು ಇಂದು ದೂರದೂರದವರು ಕೊಳ್ಳುತ್ತಾರೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿಯರು, ಆಫ್ರಿಕದಿಂದ ಬಂದವರ ಸಂತತಿಯವರು, ಹಳೆಯ ಅರಿವೆಯಿಂದ ಕೌದಿ ಹೊಲಿಯುತ್ತಾರೆ. ಕೆಲಸ ಮುಗಿಯುವಾಗ ನಾಲ್ಕು ಮೂಲೆಗಳಿಗೂ ಮಡಿಸಿದ ಅರಿವೆಯ ಮುಕ್ಕೋನಗಳನ್ನು ಹೊಲಿಯುತ್ತಾರೆ. ಅವನ್ನು ಹೂವೆಂದು ಕರೆಯುತ್ತಾರೆ. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಮುಗಿದ ಕೌದಿಯಲ್ಲ. ಚಳಿಗೆ ಹೂವಿನ ಅಗತ್ಯವಿಲ್ಲ, ಹೊಲಿದವಳಿಗೆ ಇದೆ.

ಇನ್ನು ನನ್ನ ಚೀಲದ ಮಾತು. ನನ್ನ ತಂದೆ ಪ್ರಾಥಮಿಕ ಸಾಲೆಯ ಮಾಸ್ತರರಾಗಿದ್ದರು. 1955ರಲ್ಲಿ ಅವರು ತೀರಿಕೊಂಡರು. ಮರುವರ್ಷ ನಾನು ಮೂರನೆಯ ಇಯತ್ತೆಗೆ ಹೋಗುವಾಗ ಅವ್ವ ಅವರ ಕಂದುಬಣ್ಣದ ಖಾದಿ ಕೋಟನ್ನು ಬಿಚ್ಚಿ ನನಗೊಂದು ಪಾಟಿಚೀಲ ಹೊಲಿದಳು. ಕೋಟಿನ ಒಳಗಿಸೆಯನ್ನು ಕೀಳದೆ ಚೀಲದೊಳಗೆ ಹಾಗೆಯೇ ಬರುವಂತೆ ಮಾಡಿದ್ದಳು. ಆ ಕಿಸೆಯ ತಳದಲ್ಲಿ ನೀಲಿಯ ಮಸಿಯ ಕಲೆಯಿತ್ತು. ಅಪ್ಪ ಅಲ್ಲಿ ಪೆನ್ನು ಇಡುತ್ತಿದ್ದರು. ಅದೇ ಸಾಲೆಯಲ್ಲಿ ಅವರು ಕಲಿಸಿದ್ದರಾದ್ದರಿಂದ ಹುಡುಗರಿಗೆ ಆ ಕೋಟಿನ ಗುರುತು ಸಿಕ್ಕಿತು. "ಇದು ಮಾಸ್ತರ ಕೋಟಲ್ಲೇನೋ?" ಎಂದು ಒಬ್ಬ ಕೇಳಿದ. ಆತ ಹಾಸ್ಯಕ್ಕಾಗಿ ಕೇಳಲಿಲ್ಲವೆಂದು ಈಗ ಅನಿಸುತ್ತದೆ. ಅಂದು ನನಗೆ ನೆಲಕ್ಕೆ ಇಳಿದುಹೋದಂತಾಯಿತು. ಮನೆಗೆ ಬಂದು ಚೀಲವನ್ನು ಎಸೆದು, ನಾಳೆಯಿಂದ ಇದನ್ನು ಒಯ್ಯುವುದಿಲ್ಲವೆಂದೆ. ಅವ್ವ ಬಯ್ಯಲಿಲ್ಲ. ಚೀಲವನ್ನು ಎತ್ತಿ ಕೊಡವಿ ಗೂಟಕ್ಕೆ ತೂಗುಹಾಕುತ್ತ, "ಇಷ್ಟು ವರ್ಷ ಅದನ್ನ ಹಾಕ್ಕೊಂಡು ಸಾಲಿಗೆ ಹೋಗ್ಯಾರ. ಆ ಅರಿವಿಗೆ ಸಾಲಿ ದಾರಿ ಗೊತ್ತದ. ನೀ ಸುಮ್ಮನ ಅದರ ಕೂಡ ಹೋಗು" ಎಂದಳು.

ನಾನು ಹೋದೆ, ಸಂತೋಷದಿಂದ ಹೋದೆನೆಂದರೆ ಸುಳ್ಳಾದೀತು. ಹಾಯಸ್ಕೂಲಿಗೆ ಸೇರಿದ ದಿನವೇ ಹಟ ಹಿಡಿದು ಅಂಗಡಿಯ ಕ್ಯಾನ್ವಾಸ್ ಚೀಲ ತರಿಸಿಕೊಂಡೆ. ಕೋಟಿನ ಚೀಲದಲ್ಲಿ ಕೆಲವು ವರುಷ ಹೆಸರುಕಾಳಿನ ಬೀಜ ಇತ್ತು. ಅನಂತರ ಒಂದು ಬೆಳಗ್ಗೆ ಅವ್ವ ಒಲೆಯಿಂದ ಬೋಗುಣಿ ಇಳಿಸುತ್ತಿದ್ದಾಗ ಅವಳ ಕೈಯ ಮಸಿ ಅರಿವೆಯಲ್ಲಿ ಆ ನೀಲಿಯ ಕಲೆಯನ್ನು ಕಂಡೆ. ಏನೂ ಹೇಳಲಿಲ್ಲ. ಮತ್ತೆ ಅದನ್ನು ನೋಡಿದ ನೆನಪಿಲ್ಲ. ಈ ಭಾಷಣಕ್ಕಾಗಿ ಮನೆಯ ಟ್ರಂಕುಗಳನ್ನೆಲ್ಲ ತೆಗೆದು ನೋಡಿದಾಗ ನಾನು ಹುಡುಕುತ್ತಿದ್ದುದು ಅದನ್ನೇ. ಅದು ಇಲ್ಲ. ಆನಂದನ ಅರಿವೆಯ ಹಾಗೆ ಎಲ್ಲಿಯೋ ನೆಲಕ್ಕೆ ಸೇರಿದೆ.

ಇದನ್ನು ಹೇಳುತ್ತ ಹಳೆಯದೆಲ್ಲ ಚಿನ್ನವೆಂದು ಹಾಡುವ ಉದ್ದೇಶ ನನಗಿಲ್ಲ. ಆ ಚೀಲಗಳ ಹಿಂದೆ ಇದ್ದುದು ಕೊರತೆ. ರಾತ್ರಿ ಬುಡ್ಡಿದೀಪದ ಬೆಳಕಿನಲ್ಲಿ ಕಣ್ಣು ಕಿರಿದುಮಾಡಿ ಹೊಲಿಯುತ್ತಿದ್ದ ವಿಧವೆಯರ ಕಷ್ಟ. ಕೈಯಲ್ಲಿ ನಾಲ್ಕು ಕಾಸು ಆಡಿದೊಡನೆ ಜನ ಆ ಚೀಲವನ್ನು ಬಿಟ್ಟದ್ದು ಸಹಜ, ನಾನೂ ಬಿಟ್ಟೆನಲ್ಲ! ಕೇರಿಗೆ ಸ್ಟೀಲು ಪಾತ್ರೆಯವಳು ಬರತೊಡಗಿದಾಗ ಹಳೆಯ ಅರಿವೆಗೆ ಮನೆಯಲ್ಲಿ ನಡೆಯುತ್ತಿದ್ದ ಇಳಿಗಾಲ ನಿಂತಿತು. ನಾಲ್ಕು ಸೀರೆಗೆ ಒಂದು ಡಬ್ಬಿ. ಅವ್ವ ಕೊಟ್ಟ ಸೀರೆಗಳು ಯಾವ ಸಂತೆಯಲ್ಲಿ ಯಾರ ಮೈಗೆ ಸೇರಿದವೋ ಗೊತ್ತಿಲ್ಲ; ಡಬ್ಬಿ ಈಗಲೂ ಇದೆ.

ಆಮೇಲೆ ಬಂದದ್ದು ಪ್ಲಾಸ್ಟಿಕ್ಕು. ಕೈಹಿಡಿಯುಳ್ಳ ಪ್ಲಾಸ್ಟಿಕ್ ಚೀಲಕ್ಕೆ ಸ್ವೀಡನ್ನಿನ ಒಂದು ಕಂಪನಿ 1965ರಲ್ಲಿ ಹಕ್ಕುಪತ್ರ ಪಡೆಯಿತು. ಸ್ಟೆನ್ ಗುಸ್ತಾಫ್ ಟುಲಿನ್ ಎಂಬ ತಂತ್ರಜ್ಞ ಅದರ ಜನಕ. ಚರಂಡಿಗಳು ಕಟ್ಟಿ ನೆರೆಯ ಹಾವಳಿ ಹೆಚ್ಚಿತೆಂದು ಬಾಂಗ್ಲಾದೇಶ 2002ರಲ್ಲಿ ತೆಳು ಚೀಲಗಳನ್ನು ನಿಷೇಧಿಸಿತು. ಕರ್ನಾಟಕ 2016ರಲ್ಲಿ ನಿಷೇಧದ ಆಜ್ಞೆ ಹೊರಡಿಸಿತು. ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ಸಾಮಗ್ರಿಗಳ ಮೇಲೆ ಇಡೀ ದೇಶದಲ್ಲಿ 2022ರ ಜುಲೈ 1ರಿಂದ ನಿಷೇಧವಿದೆ. ಈಗ ಅಂಗಡಿಗಳಲ್ಲಿ ಹೊಸ ಹತ್ತಿಯ ಚೀಲಗಳನ್ನು ಮಾರುತ್ತಾರೆ, ಮದುವೆಗಳಲ್ಲಿ ಹಂಚುತ್ತಾರೆ. ನನ್ನ ಮನೆಯ ಬಾಗಿಲ ಹಿಂದೆಯೇ ಅಂತಹವು ಹದಿನಾಲ್ಕು ತೂಗುತ್ತಿವೆ. ಡೆನ್ಮಾರ್ಕಿನ ಪರಿಸರ ಇಲಾಖೆ 2018ರಲ್ಲಿ ಒಂದು ಲೆಕ್ಕ ಹಾಕಿತು: ಎಲ್ಲ ಬಗೆಯ ಪರಿಣಾಮಗಳನ್ನೂ ಗಣನೆಗೆ ತಂದರೆ, ಹೊಸ ಹತ್ತಿಯ ಚೀಲವೊಂದನ್ನು ಸಾವಿರಾರು ಸಲ ಬಳಸಿದರೆ ಮಾತ್ರ ಅದು ತೆಳು ಪ್ಲಾಸ್ಟಿಕ್ ಚೀಲಕ್ಕಿಂತ ಮೇಲಂತೆ. ಹತ್ತಿ ಬೆಳೆಯಲು ನೀರು ಬೇಕು, ಗೊಬ್ಬರ ಬೇಕು, ಔಷಧ ಬೇಕು. ಅಂದಮೇಲೆ ಪುಣ್ಯವಿದ್ದುದು ಹತ್ತಿಯಲ್ಲಲ್ಲ. ಹಳತರಲ್ಲಿ, ಅದನ್ನು ಮುಗಿಯುವವರೆಗೆ ಬಿಡದ ಕೈಯಲ್ಲಿ. ಹತ್ತು ನಿಮಿಷ ಬಳಸಿದ ಪ್ಲಾಸ್ಟಿಕ್ ಚೀಲ ಮುಂದಿನ ಕಾಲದ ಸಂಶೋಧಕನಿಗೆ ಖಂಡಿತವಾಗಿ ಸಿಕ್ಕುತ್ತದೆ. ಇಪ್ಪತ್ತು ವರುಷ ದುಡಿದ ಕೋಟಿನ ಚೀಲ ಅವನಿಗೆ ಸಿಕ್ಕುವುದಿಲ್ಲ. ನಮ್ಮನ್ನು ಆತ ಯಾವುದರಿಂದ ತಿಳಿಯುವನೆಂದು ಯೋಚಿಸಿದರೆ ಸ್ವಲ್ಪ ನಾಚಿಕೆಯಾಗುತ್ತದೆ.

ಈ ಭಾಷಣವನ್ನು ಬರೆಯುತ್ತಿದ್ದಾಗ ನನ್ನ ಮೊಮ್ಮಗಳು ಬಂದು, ಅಜ್ಜ, ಅಂತಹ ಚೀಲ ಹೇಗೆ ಹೊಲಿಯುತ್ತಾರೆ ತೋರಿಸು ಎಂದಳು. ನನ್ನ ಹಳೆಯದೊಂದು ಅಂಗಿ ತಂದೆವು. ಕತ್ತರಿಸಿದೆವು, ಪದರವಿಟ್ಟೆವು, ಸಾಲುಹೊಲಿಗೆಯೂ ಅಂಕುಡೊಂಕಾಗಿ ಮುಂದೆ ಹೋಯಿತು. ಚೀಲದ ಬಾಯಿಯ ಎರಡು ಮೂಲೆಗಳಲ್ಲಿ, ಭಾರವೆಲ್ಲ ಬೀಳುವ ಎಡೆಯಲ್ಲಿ, ಅವ್ವ ಒಂದು ಬಗೆಯ ಗಂಟುಹೊಲಿಗೆ ಹಾಕುತ್ತಿದ್ದಳು. ಚೀಲ ಹರಿದರೂ ಆ ಗಂಟು ಬಿಡುತ್ತಿರಲಿಲ್ಲ. ಅಲ್ಲಿಗೆ ಬಂದು ನನ್ನ ಸೂಜಿ ನಿಂತಿತು. ಎಷ್ಟೋ ರಾತ್ರಿ ಅದೇ ದೀಪದ ಬೆಳಕಿನಲ್ಲಿ ನಾನು ಅವಳ ಎದುರಿಗೆ ಕುಳಿತು ಪಾಠ ಓದುತ್ತಿದ್ದೆ. ಆ ಗಂಟನ್ನು ಅವಳು ಹೇಗೆ ಹಾಕುತ್ತಿದ್ದಳೆಂದು ಒಮ್ಮೆಯೂ ತಲೆ ಎತ್ತಿ ನೋಡಿರಲಿಲ್ಲ.

ಕೇಳುಗರೆ, ನಿಮ್ಮ ಮನೆಯಲ್ಲಿ ಅದನ್ನು ಬಲ್ಲವರು ಯಾರಾದರೂ ಇದ್ದರೆ, ಈ ಹೊತ್ತು ಸಂಜೆ ಅವರ ಬಳಿ ಕುಳಿತು ನೋಡಿಕೊಳ್ಳಿ.